ಹೊಸ ಮುಖ್ಯಶಿಕ್ಷಕರ ಮಾತಿಗೆ ಹಳೆಯ ಶಿಕ್ಷಕರು ಕೈಜೋಡಿಸದಿದ್ದರೆ ಏನು ಮಾಡಬೇಕು?

ಯಾದಗಿರಿ ಕಡೆಯ ಹಳ್ಳಿ ಶಾಲೆಗೆ ಬಂದಿದ್ದೀರಿ, ಹಾಜರಾತಿ ಹೆಚ್ಚಿಸೋಣ ಅಂದರೆ ಯಾರೂ ಜೊತೆಗೆ ಬರುತ್ತಿಲ್ಲ ಅಂದಿದ್ದೀರಿ. ಸುತ್ತೋಲೆ ಬದಿಗಿಡಿ, ಒಬ್ಬೊಬ್ಬರ ಹತ್ತಿರ ಕೂತು ಮಾತಾಡಿ. ಹತ್ತಿ ಬಿಡಿಸುವ ಕಾಲದಲ್ಲಿ ಯಾವ ಮಗು ಯಾರ ಹೊಲದಲ್ಲಿರುತ್ತದೆ ಅನ್ನೋದು ಅವರಿಗೇ ಜಾಸ್ತಿ ಗೊತ್ತು, ಅಲ್ವಾ? "ಯಾಕೆ ಮಾಡಿಲ್ಲ?" ಅನ್ನುವ ಬದಲು "ಏನು ಅಡ್ಡ ಬರ್ತಿದೆ ಸರ್?" ಅಂತ ಕೇಳಿ ನೋಡಿ, ಉತ್ತರವೇ ಬೇರೆ ಬರುತ್ತದೆ. ಕೇಳಿ ಸುಮ್ನಿರಬೇಡಿ. ಅವರು ಹೇಳಿದ್ದರಲ್ಲಿ ಒಂದನ್ನಾದರೂ ಆ ವಾರವೇ ಮಾಡಿ, ಅವರ ಹೆಸರು ಹೇಳಿಯೇ ಮಾಡಿ.

ಕೆಲಸ ಮಾಡುತ್ತಲೇ ಯೋಚಿಸುವುದು, ಮುಗಿದ ಮೇಲೆ ಯೋಚಿಸುವುದು ಅಂತ ವೃತ್ತಿಯಲ್ಲಿರುವವರು ಹೇಗೆ ಕಲಿಯುತ್ತಾರೆ ಅಂತ ಅಧ್ಯಯನ ಮಾಡಿದ ಅಮೆರಿಕದ ಚಿಂತಕ ಡೊನಾಲ್ಡ್ ಶೋನ್ 1983ರಲ್ಲಿ ಎರಡು ಬಗೆ ಹೇಳಿದರು. ಮೊದಲನೆಯದೇ ಕಷ್ಟ. ಸಭೆಯಲ್ಲಿ ಎದುರಿಗಿದ್ದವರ ಮುಖ ಬಾಡಿದರೆ ಅಲ್ಲೇ ಮಾತು ನಿಲ್ಲಿಸಿ, ಅವರಿಗೆ ಮಾತಾಡಲು ಬಿಡಬೇಕು. ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೂ ಅಷ್ಟೇ, ತಾಯಂದಿರು ಬಾಯಿ ಬಿಡುವವರೆಗೆ ಕಾಯಿರಿ.