ನಾಟಕದ ಸೆಟ್ ಯೋಚನೆ ಎಲ್ಲಿಂದ ಶುರುವಾಗತ್ತೆ?

ಸ್ಕ್ರಿಪ್ಟ್ ಕೈಗೆ ಬಂದ ಮೇಲೆ ಸೆಟ್ ಡಿಸೈನರ್ ಮೊದಲು ಚಿತ್ರ ಬಿಡಿಸ್ತಾರಾ, ನಮ್ದು ಕಾಲೇಜ್ ತಂಡ, ಜಾಸ್ತಿ ದುಡ್ಡಿಲ್ಲ, ಎಲ್ಲಿಂದ ಶುರು ಮಾಡೋದು ಅಂತ ಕೇಳಿದೀರ. ನಾನು ಹವ್ಯಾಸಿ ತಂಡಗಳಿಗೆ ಸೆಟ್ ಮಾಡ್ತೀನಿ. ಚಿತ್ರ ಆಮೇಲೆ. ಮೊದಲು ನೋಡೋದು ಯಾರು ಎಲ್ಲಿಂದ ಬರ್ತಾರೆ, ಯಾವ ಕಡೆ ಹೋಗ್ತಾರೆ, ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗೋ ನಡುವೆ ಏನಾಗತ್ತೆ ಅನ್ನೋದು.

ತುಘಲಕ್ಕನ್ನೇ ತಗೊಳಿ. ದೆಹಲಿ ಸುಲ್ತಾನ ಮಹಮ್ಮದ್ ಬಿನ್ ತುಘಲಕ್ ಬಗ್ಗೆ ಗಿರೀಶ್ ಕಾರ್ನಾಡರು ಬರೆದ 1964ರ ನಾಟಕ, 13 ದೃಶ್ಯ. ಹಳೇ ಕಂಪನಿ ನಾಟಕಗಳಲ್ಲಿ ಬೀದಿ ಪರದೆ ಇಳಿಬಿಟ್ಟು ಅದರ ಮುಂದೆ ಹಾಸ್ಯದವರು ಆಡ್ತಿದ್ರೆ ಹಿಂದ್ಗಡೆ ಅರಮನೆ ಸಿದ್ಧ ಆಗ್ತಿತ್ತು, ಆ ಪದ್ಧತಿಯನ್ನೇ ಇದರಲ್ಲಿ ಬಳಸ್ಕೊಂಡೆ ಅಂತ ಕಾರ್ನಾಡರೇ ಹೇಳಿದಾರೆ. ಅಂದ್ರೆ ಇದರಲ್ಲಿನ ಹಾಸ್ಯದ ಜೋಡಿ ಅಜೀಜ್, ಆಜಮ್ ಬರೋ ಎಷ್ಟೋ ಜಾಗದಲ್ಲಿ ಸೆಟ್ ಬದಲಾಯಿಸೋಕೆ ಟೈಮು ನಾಟಕದೊಳಗೇ ಇದೆ. ನನಗೆ ಈ ನಾಟಕದ ಮೇಲೆ ಪ್ರೀತಿ ಹುಟ್ಟೋಕೆ ಅದೂ ಒಂದು ಕಾರಣ.

ಆದ್ರೆ ಬೆಂಗಳೂರಿನ ರಂಗಶಂಕರದಲ್ಲಿ ಮಾಡ್ಬೇಕು ಅಂದ್ರೆ ಲೆಕ್ಕ ಬೇರೆ. ಜನ ಮೂರು ಕಡೆ ಕೂತಿರ್ತಾರೆ, ರವೀಂದ್ರ ಕಲಾಕ್ಷೇತ್ರದ ಥರ ಮುಂದೆ ಪರದೆ ಎಳೆದು ಹಿಂದೆ ಏನೋ ಮಾಡ್ಕೊಳಕ್ಕಾಗಲ್ಲ, ಎತ್ತರದ ಫ್ಲಾಟ್ (ಚೌಕಟ್ಟಿಗೆ ಬಟ್ಟೆ ಇಲ್ಲಾ ಪ್ಲೈವುಡ್ ಹೊಡೆದು ಮಾಡಿದ ಗೋಡೆ) ಮಧ್ಯೆ ನಿಲ್ಲಿಸಿದ್ರೆ ಒಂದು ಕಡೆಯವ್ರಿಗೆ ನಟನೇ ಕಾಣಲ್ಲ. ಅದಕ್ಕೆ ನಾನು ಹಾಗೆ ಮೂರು ಕಡೆ ಜನ ಕೂರೋ ಜಾಗಕ್ಕೆ ಇದೇ ನಾಟಕ ಮಾಡಿದಾಗ ಗೋಡೆ, ಕಮಾನು ಎಲ್ಲಾ ಬಿಟ್ಟು ಬರೀ ಲೆವೆಲ್ಸ್, ಅಂದ್ರೆ ಬೇರೆ ಬೇರೆ ಎತ್ತರದ ಕಟ್ಟೆಗಳು, ಇಟ್ಟೆ. ಹಿಂದೆ ಎತ್ತರದಲ್ಲಿ ಸಿಂಹಾಸನ, ಅಲ್ಲಿಂದ ಕೆಳಗೆ ಜನರ ಹತ್ರದವರೆಗೆ ಮೆಟ್ಟಿಲು. ದೌಲತಾಬಾದ್ ಕೋಟೆ ಮೇಲೆ ರಾತ್ರಿ ಕಾವಲುಗಾರರು ಮಾತಾಡೋ ದೃಶ್ಯಕ್ಕೆ ಕೋಟೆ ಕಟ್ಟೋದೇ ಬೇಡ, ಮೇಲಿನ ಲೆವೆಲ್ ತುದಿಯಲ್ಲಿ ಇಬ್ಬರನ್ನ ಕೂರಿಸಿ ಉಳಿದಿದ್ದೆಲ್ಲಾ ಕತ್ತಲು ಮಾಡಿದ್ರೆ ಸಾಕು, ಎತ್ತರ ತಾನಾಗೇ ಗೊತ್ತಾಗತ್ತೆ.

ಕೊನೆ ಭಾಗದಲ್ಲಿ ಸುಲ್ತಾನ ಖೋಟಾ ತಾಮ್ರದ ನಾಣ್ಯಗಳನ್ನ ಗುಲಾಬಿ ತೋಟದಲ್ಲಿ ರಾಶಿ ಹಾಕಿಸ್ತಾನಲ್ಲ, ಅದನ್ನ ಓದಿದಾಗ್ಲೇ ನನಗೆ ಇಡೀ ಸೆಟ್ ಸಿಕ್ಕಿದ್ದು. ಅಲ್ಲಿಂದ ಮುಂದೆ ಪ್ರತಿ ದೃಶ್ಯಕ್ಕೂ ಸೈನಿಕರು ನಾಣ್ಯದ ಮೂಟೆ ಅನ್ನೋ ಹಾಗೆ ಗೋಣಿಚೀಲ ಹೊತ್ತು ತಂದು ಮೆಟ್ಟಿಲ ಮೇಲೆ ಇಡ್ತಾ ಹೋಗ್ತಾರೆ, ಸುಲ್ತಾನ ಓಡಾಡೋ ದಾರಿ ಕಿರಿದಾಗ್ತಾ ಬರತ್ತೆ, ಕೊನೆಗೆ ಒಬ್ಬರು ಅಡ್ಡ ತಿರುಗಿ ದಾಟೋಷ್ಟೇ ಜಾಗ. ಚೀಲದೊಳಗೆ ಭತ್ತದ ಹೊಟ್ಟು, ಆದ್ರೆ ತಳಕ್ಕೆ ಒಂದಿಷ್ಟು ಮರಳು ಹಾಕಿಸ್ದೆ. ಹೊಟ್ಟಿನ ಚೀಲ ಹೊತ್ತು ಭಾರ ಅಂತ ನಟಿಸೋದಕ್ಕೂ ನಿಜವಾಗ್ಲೂ ಬೆನ್ನು ಬಗ್ಗೋದಕ್ಕೂ ತುಂಬಾ ವ್ಯತ್ಯಾಸ ಇದೆ, ಮುಂದಿನ ಸಾಲಲ್ಲಿ ಕೂತವ್ರಿಗೆ ಅದು ತಕ್ಷಣ ಕಾಣತ್ತೆ.

ಇದೆಲ್ಲಾ ತಲೇಲಿ ಕೂತ ಮೇಲೇ ಗ್ರೌಂಡ್ ಪ್ಲಾನ್, ಅಂದ್ರೆ ಮೇಲಿಂದ ನೋಡಿದ ಹಾಗೆ ಬರೆದ ಸ್ಟೇಜಿನ ನಕ್ಷೆ, ಆಮೇಲೆ ಕಾರ್ಡ್‌ಬೋರ್ಡ್ ಮಾಡೆಲ್. ಸ್ಟೇಜಿನ ಒಂದು ಅಡಿಗೆ ಮಾಡೆಲ್‌ನಲ್ಲಿ ಅರ್ಧ ಇಂಚು, ಈ ಸ್ಕೇಲ್ ಆರಾಮ. ಮಾಡೆಲ್ ಇಟ್ಕೊಂಡು ಡೈರೆಕ್ಟರ್ ಜೊತೆ ಕೂರ್ಬೇಕು, ಲೈಟಿಂಗ್ ಮಾಡೋರನ್ನೂ ಆವಾಗ್ಲೇ ಕರೀಬೇಕು, ಇದನ್ನ ಮಾತ್ರ ಬಿಡ್ಬೇಡಿ. ನೀವು ಆಸೆಪಟ್ಟು ಹಚ್ಚಿದ ನೀಲಿ ಬಣ್ಣ ಆಂಬರ್ (ಕಿತ್ತಳೆ-ಹಳದಿ) ಲೈಟ್ ಬಿದ್ರೆ ಮಸಿ ಥರ ಕಾಣತ್ತೆ.

ಮೆಟ್ಟಿಲು ಆರು ಇಂಚಿಗಿಂತ ಜಾಸ್ತಿ ಎತ್ತರ ಬೇಡ, ಉದ್ದ ನಿಲುವಂಗಿ ಹಾಕ್ಕೊಂಡು ಪ್ರೇಕ್ಷಕರ ಕಡೆ ನೋಡ್ತಾ ಇಳೀಬೇಕು ನಟ, ಕೆಳಗೆ ನೋಡ್ಕೊಂಡು ಇಳಿದ್ರೆ ಸುಲ್ತಾನ ಹೇಗಾಗ್ತಾನೆ? ಟೊಳ್ಳು ಪ್ಲೈವುಡ್ ದಬದಬ ಅನ್ನತ್ತೆ, ಮಾತೇ ಕೇಳ್ಸಲ್ಲ. ಮೇಲೆ ಹಳೇ ಕಾರ್ಪೆಟ್ ಅಂಟಿಸಿ ಅದರ ಮೇಲೆ ಗೋಣಿತಾಟು ಬಿಗಿದು ಬಣ್ಣ ಹಚ್ಚಿದ್ರೆ ಸದ್ದೂ ಕಮ್ಮಿ, ದೂರದಿಂದ ಕಲ್ಲಿನ ಥರಾನೂ ಕಾಣತ್ತೆ.

ನಿಮಗೆ ದುಡ್ಡಿಲ್ಲ ಅಂದ್ರಲ್ಲ, ಒಂದು ಅಳತೆ ಟೇಪು, ಚಾಕ್‌ಪೀಸ್ ಸಾಕು ಶುರುವಿಗೆ. ನೀವು ಶೋ ಮಾಡೋ ಸ್ಟೇಜ್ ಅಳೆದು, ಪ್ರಾಕ್ಟೀಸ್ ಮಾಡೋ ರೂಮಿನ ನೆಲದ ಮೇಲೆ ಅಷ್ಟೇ ಅಳತೆಗೆ ಗೆರೆ ಎಳೀರಿ, ಲೆವೆಲ್ ಬರೋ ಕಡೆ ಕ್ಲಾಸಿನ ಬೆಂಚ್ ಜೋಡಿಸಿ. ಮೊದಲ ದಿನದಿಂದ್ಲೇ ನಟರು ಅದರೊಳಗೇ ಓಡಾಡ್ಲಿ. ಯಾರಾದ್ರೂ ಗೋಡೆ ಗೆರೆ ದಾಟಿ ನಡೆದ್ರೆ ಅಲ್ಲೇ ನಿಲ್ಲಿಸಿ ಮತ್ತೆ ಬಾಗಿಲಿಂದ ಬರೋಕೆ ಹೇಳಿ.