ತಟ್ಟೆ ಮಗುಚಿ ಮುದ್ರೆ ಹುಡುಕುವವರಿಗೆ

ಪ್ರಶ್ನೆ: ಇಂಗ್ಲೆಂಡಿನಲ್ಲಿ ಹಳೆ ಸಾಮಾನಿನ ಸಂತೆಯಲ್ಲಿ ಕುಲಲಾಂಛನವಿರುವ ಚೀನೀ ಪಿಂಗಾಣಿ ತಟ್ಟೆ ಕೊಂಡೆವು. 18ನೇ ಶತಮಾನದ್ದಂತೆ. ಆದರೆ ತಳದಲ್ಲಿ ಚೀನೀ ಮುದ್ರೆಯೇ ಇಲ್ಲ. ಮೋಸ ಹೋದೆವೇ?

ಉತ್ತರ: ಮತ್ತೆ ಅದೇ ಮುದ್ರೆ! ಯುರೋಪಿನ ಮನೆತನಗಳು ಹೇಳಿ ಮಾಡಿಸಿದ ಊಟದ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಮುದ್ರೆ ಇರುವುದಿಲ್ಲ. ಇದ್ದರೇ ನನಗೆ ಅನುಮಾನ. ಪ್ಯಾರಿಸ್ಸಿನ ಸ್ಯಾಮ್ಸನ್ ಕಾರ್ಖಾನೆ 19ನೇ ಶತಮಾನದಲ್ಲಿ ಇಂಥ ತಟ್ಟೆಗಳನ್ನು ನಕಲು ಮಾಡಿ, ಚೀನೀ ಅಕ್ಷರದಂತೆ ತೋರುವ ಕೆಂಪು ಗುರುತು ಹಾಕುತ್ತಿತ್ತು.

ತಳ ಬಿಡಿ, ಲಾಂಛನ ನೋಡಿ. ಗುರಾಣಿ ಉದ್ದಕ್ಕೆ ಇಬ್ಭಾಗವಾಗಿದ್ದರೆ ನಿಮ್ಮ ಎಡಕ್ಕೆ ಕಾಣುವುದು ಗಂಡನ ಮನೆತನದ್ದು, ಬಲಕ್ಕಿರುವುದು ಹೆಂಡತಿಯ ತವರಿನದು. ಎರಡನ್ನೂ ಗುರುತಿಸಿದರೆ ಮದುವೆಯ ವರ್ಷ ಸಿಕ್ಕೀತು. ತಟ್ಟೆ ಸಾಮಾನ್ಯವಾಗಿ ಅದಕ್ಕಿಂತ ಹಳೆಯದಲ್ಲ. ಚೀನೀ ಪಿಂಗಾಣಿಯಲ್ಲಿ ಗುಲಾಬಿ ಎನಾಮೆಲ್ ಬಣ್ಣ ಬಳಕೆಗೆ ಬಂದದ್ದೇ 1720ರ ಆಸುಪಾಸಿನಲ್ಲಿ. ಗುಲಾಬಿ ಹೂ ತೋರಿಸಿ ‘1690ರದ್ದು’ ಎನ್ನುವವನ ಹತ್ತಿರ ಚೌಕಾಸಿಯೂ ಬೇಡ.

ಲಾಂಛನದ ಬಣ್ಣ ತಪ್ಪಿದೆಯೆಂದು ತಟ್ಟೆಯನ್ನು ನಕಲಿ ಎನ್ನಬೇಡಿ. ಮನೆತನದವರು ಎಷ್ಟೋ ಸಲ ಪುಸ್ತಕಕ್ಕೆ ಅಂಟಿಸುವ ತಮ್ಮ ಲಾಂಛನದ ಚೀಟಿಯನ್ನೇ ಮಾದರಿಯಾಗಿ ಹಡಗಿನಲ್ಲಿ ಚೀನಾಕ್ಕೆ ಕಳಿಸುತ್ತಿದ್ದರು. ಅದು ಕಪ್ಪುಬಿಳುಪಿನ ಅಚ್ಚು: ಚುಕ್ಕಿಯೆಂದರೆ ಚಿನ್ನ, ನಿಂತ ಗೆರೆ ಕೆಂಪು, ಮಲಗಿದ ಗೆರೆ ನೀಲಿ. ಚೀನಾದ ಪಿಂಗಾಣಿ ಊರಾದ ಜಿಂಗ್‌ದೆಜೆನ್‌ನಲ್ಲಿ ಸುಟ್ಟ ಬಿಳಿ ತಟ್ಟೆಗೆ ಬಂದರು ನಗರ ಕ್ಯಾಂಟನ್‌ನಲ್ಲಿ ಬಣ್ಣ ಹಚ್ಚುತ್ತಿದ್ದ ಚಿತ್ರಗಾರನಿಗೆ ಈ ಸಂಕೇತ ಯಾರು ಹೇಳಿಕೊಟ್ಟಿದ್ದರು? ಕಂಡ ಗೆರೆಯನ್ನೇ ಬರೆದದ್ದೂ ಉಂಟು. ನನಗಂತೂ ಅಂಥ ತಟ್ಟೆಗಳ ಮೇಲೇ ಪ್ರೀತಿ ಜಾಸ್ತಿ.

ಹೆದರಬೇಕಾದ್ದು ಬೇರೆಯದಕ್ಕೆ. ತಟ್ಟೆ ಅಸಲಿ, ಲಾಂಛನ ಮಾತ್ರ ಆಮೇಲೆ ಸೇರಿಸಿದ್ದು. ಭೂತಗನ್ನಡಿ ಹಿಡಿದು ಹಳೆಯ ಚಾಕುವಿನ ಗೀರುಗಳನ್ನು ಹಿಂಬಾಲಿಸಿ. ಗೀರು ಲಾಂಛನದ ಬಣ್ಣವನ್ನೂ ಕೆರೆದು ಮುಂದೆ ಹೋಗಿದ್ದರೆ ನೆಮ್ಮದಿ. ಬಣ್ಣದ ಅಡಿಗೆ ನುಸುಳಿದ್ದರೆ, ಬಣ್ಣ ಬಂದದ್ದು ಊಟವೆಲ್ಲ ಮುಗಿದ ಮೇಲೆ.

ಪ್ರಶ್ನೆ: ವ್ಯಾಪಾರಿ ಇದನ್ನು ‘ಲೋಸ್ಟಾಫ್ಟ್’ ಪಿಂಗಾಣಿ ಎಂದ.

ಉತ್ತರ: ಇಂಗ್ಲೆಂಡಿನ ಆ ಊರಿನಲ್ಲಿ ಆಗುತ್ತಿದ್ದ ಪಿಂಗಾಣಿಯೇ ಬೇರೆ, ಮೆದು ಜಾತಿಯದು. ಚೀನೀ ತಟ್ಟೆಗಳನ್ನು ಅಲ್ಲಿನವೆಂದು ತಿಳಿದ 19ನೇ ಶತಮಾನದ ಗೊಂದಲವನ್ನು ಇಂದಿಗೂ ಮಾರುವವನ ಅಂಗಡಿಯಲ್ಲಿ ನಿಲ್ಲಬೇಡಿ.

ಪ್ರಶ್ನೆ: ಹಬ್ಬಕ್ಕೆ ಇದರಲ್ಲೇ ಬಡಿಸಬಹುದೇ?

ಉತ್ತರ: ಬೇಡ. ಮೇಲಿನ ಬಣ್ಣದಲ್ಲಿ ಸೀಸವಿದೆ, ನಿಮ್ಮ ಸಾರಿನಲ್ಲಿ ಹುಣಸೆಹುಳಿ.

ಪ್ರಶ್ನೆ: ವಿಷ ಬಿದ್ದರೆ ಚೀನೀ ತಟ್ಟೆ ಬಿರುಕು ಬಿಡುತ್ತದಂತೆ?

ಉತ್ತರ: ಬಿಡುವುದಿಲ್ಲ.

ಪ್ರಶ್ನೆ: ಫೋಟೋ ಕಳಿಸಿದರೆ ಬೆಲೆ ಹೇಳುವಿರಾ?

ಉತ್ತರ: ಇಲ್ಲ. ಹೇಳುತ್ತೇನೆನ್ನುವವರಿಗೆ ದುಡ್ಡನ್ನೂ ಕೊಡಬೇಡಿ.