ಅಪ್ಪನಿಗೆ ಯೂರಿನ್ ಪೈಪ್ ಹಾಕಿ ಮನೆಗೆ ಕಳಿಸಿದ್ದಾರೆ, ನೋಡಿಕೊಳ್ಳುವುದು ಹೇಗೆ?

ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಕಟ್ಟಿಕೊಂಡಿದ್ದ ನಿಮ್ಮ 72 ವರ್ಷದ ಅಪ್ಪನಿಗೆ ಕ್ಯಾಥೆಟರ್, ಅಂದರೆ ಮೂತ್ರ ಹೊರಗೆ ತರುವ ಪೈಪ್, ಹಾಕಿ ಕಳಿಸಿದ್ದಾರೆ, ಮೂತ್ರ ತುಂಬುವ ಬ್ಯಾಗ್ ಮುಟ್ಟೋದಕ್ಕೇ ಭಯ ಆಗುತ್ತದೆ ಅಂತ ಬರೆದಿದ್ದೀರಿ. ನಾನು ಹದಿನಾಲ್ಕು ವರ್ಷದಿಂದ ವಾರ್ಡಿನಲ್ಲಿ ನರ್ಸ್. ಡಿಸ್ಚಾರ್ಜ್ ದಿನ ಬಿಲ್ಲು, ಮಾತ್ರೆ, ಆಟೋ ಅನ್ನುವ ಗಡಿಬಿಡಿಯಲ್ಲಿ ನಾವು ಹೇಳಿದ್ದು ಯಾರ ಕಿವಿಗೂ ಸರಿಯಾಗಿ ಬೀಳುವುದಿಲ್ಲ. ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಪೈಪಿನ ತುದಿಯಲ್ಲಿ ಒಂದು ಚಿಕ್ಕ ಬಲೂನ್ ಇದೆ. ಸಾಮಾನ್ಯವಾಗಿ 10 ಮಿಲಿಯಷ್ಟು ನೀರು ತುಂಬಿ ಅದನ್ನು ಉಬ್ಬಿಸಿರುತ್ತಾರೆ. ಅದು ಮೂತ್ರಕೋಶದ ಒಳಗೆ ಕೂತು ಪೈಪ್ ಜಾರದ ಹಾಗೆ ಹಿಡಿದಿರುತ್ತದೆ. ಹಾಗಾಗಿ ಮೆಲ್ಲಗೆ ಮುಟ್ಟಿದರೆ ಏನೂ ಆಗುವುದಿಲ್ಲ. ಎಳೆದರೆ ಮಾತ್ರ ಒಳಗೆ ಗಾಯವಾಗಿ ರಕ್ತ ಬರುತ್ತದೆ. ಪೈಪನ್ನು ಸ್ವಲ್ಪ ಸಡಿಲ ಬಿಟ್ಟು ತೊಡೆಗೆ ಪ್ಲಾಸ್ಟರ್ ಅಂಟಿಸಿ.

ನೀವು ಕಣ್ಣಿಡಬೇಕಾದ್ದು ಮೂತ್ರ ಹರಿಯುವ ದಾರಿಯ ಮೇಲೆ. ಒಂದು ರಾತ್ರಿ ಪಾಳಿಯಲ್ಲಿ ಒಬ್ಬ ಅಜ್ಜನ ಮಗ ಓಡಿ ಬಂದರು. "ಸಿಸ್ಟರ್, ನಾಲ್ಕು ಗಂಟೆಯಿಂದ ಒಂದು ಹನಿ ಬಂದಿಲ್ಲ, ಕಿಡ್ನಿ ಹೋಯ್ತಾ?" ಅಜ್ಜನಿಗೆ ಡ್ರಿಪ್ ಹೋಗುತ್ತಿತ್ತು, ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದರು. ಹೊದಿಕೆ ಸರಿಸಿದೆ. ಪೈಪ್ ತೊಡೆಯ ಕೆಳಗೆ ಸಿಕ್ಕಿ ಮಡಚಿಕೊಂಡಿತ್ತು. ಬಿಡಿಸಿದ ಕೂಡಲೇ ಸರ್ರನೆ ಇಳಿಯಿತು, 600 ಮಿಲಿ! ಸಾಮಾನ್ಯವಾಗಿ ಮೂತ್ರಕೋಶಕ್ಕೆ 400ರಿಂದ 500 ಮಿಲಿ ತುಂಬಿದರೇ ತಡೆದುಕೊಳ್ಳುವುದು ಕಷ್ಟ. ಅಜ್ಜ ಉಸ್ಸಪ್ಪಾ ಅಂತ ಕಣ್ಣು ಮುಚ್ಚಿದರು.

ಹಾಗಾಗಿ ಬ್ಯಾಗಿಗೆ ಮೂತ್ರ ಬರಲಿಲ್ಲ ಅಂದರೆ ಮೊದಲು ಪೈಪ್ ಎಲ್ಲಾದರೂ ಮಡಚಿದೆಯಾ, ಬ್ಯಾಗ್ ಮೇಲೆ ಬಂದಿದೆಯಾ, ತುಂಬಿಹೋಗಿದೆಯಾ ನೋಡಿ. ಮಲಬದ್ಧತೆ ಇದ್ದರೂ ಪೈಪ್ ಒತ್ತಿಹೋಗುತ್ತದೆ. ಎಲ್ಲ ಸರಿ ಇದ್ದೂ ಮೂತ್ರ ಬರದೆ ಕಿಬ್ಬೊಟ್ಟೆ ಬಿಗಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಪೈಪಿನ ಪಕ್ಕದಿಂದ ಮೂತ್ರ ಸೋರುತ್ತಿದ್ದರೂ ಹೀಗೇ ನೋಡಿ, ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ನೀವೇ ಸಿರಿಂಜಿನಲ್ಲಿ ನೀರು ಬಿಡಲು ಹೋಗಬೇಡಿ.

ಬ್ಯಾಗ್ ಯಾವಾಗಲೂ ಕಿಬ್ಬೊಟ್ಟೆಗಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಆಟೋದಲ್ಲಿ ಹೋಗುವಾಗ ಜನ ನೋಡುತ್ತಾರೆ ಅಂತ ಟವೆಲ್ ಸುತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಟವೆಲ್ ಸುತ್ತಿ, ಪರವಾಗಿಲ್ಲ, ಆದರೆ ಮೊಣಕಾಲಿನ ಕೆಳಗೆ ಹಿಡಿಯಿರಿ. ಹೊರಗೆ ಬಂದ ಮೂತ್ರ ವಾಪಸ್ ಒಳಗೆ ಹೋದರೆ ಸೋಂಕನ್ನೂ ಜೊತೆಗೆ ಒಯ್ಯುತ್ತದೆ.

ಬ್ಯಾಗ್ ಮುಕ್ಕಾಲು ತುಂಬುವವರೆಗೆ ಕಾಯಬೇಡಿ, ಅರ್ಧ ದಾಟಿದ ಮೇಲೆ ಖಾಲಿ ಮಾಡಿ. ಮೊದಲು ಮತ್ತು ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕೆಳಗಿನ ನಲ್ಲಿಯ ತುದಿ ಮಗ್ಗಿಗೆ ತಾಗಬಾರದು. ಪೈಪಿನಿಂದ ಬ್ಯಾಗನ್ನು ಸುಮ್ನೆ ಬಿಚ್ಚಬೇಡಿ. ಎಷ್ಟು ಬಂತು ಅಂತ ಒಂದು ನೋಟ್ ಬುಕ್ಕಿನಲ್ಲಿ ಬರೆದಿಡಿ. ದಿನಕ್ಕೆ ಒಂದೂವರೆ ಲೀಟರ್ ಆಸುಪಾಸು ಬಂದರೆ ಒಳ್ಳೆಯದು. ಗಂಟೆಗೆ 30 ಮಿಲಿಗಿಂತ ಕಡಿಮೆ ಹಾಗೇ ಮುಂದುವರಿದರೆ ಡಾಕ್ಟರಿಗೆ ಫೋನ್ ಮಾಡಿ. ಬ್ಯಾಗ್ ತುಂಬುತ್ತದೆ ಅಂತ ನೀರು ಕುಡಿಯುವುದು ಬಿಡುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಹಾರ್ಟ್ ಅಥವಾ ಕಿಡ್ನಿ ತೊಂದರೆಗೆ ನೀರು ಮಿತಿ ಮಾಡಿಲ್ಲದಿದ್ದರೆ ದಿನಕ್ಕೆ ಎರಡು ಲೀಟರ್ ಕುಡಿಯಲಿ. ಮಜ್ಜಿಗೆ, ಗಂಜಿ ಎಲ್ಲ ಲೆಕ್ಕಕ್ಕೆ ಬರುತ್ತದೆ.

ಇನ್ನು ಸ್ನಾನ. ಮಾಡಿಸಬಹುದು. ಪೈಪ್ ಒಳಗೆ ಹೋಗುವ ಜಾಗವನ್ನು ದಿನಾ ಬರೀ ಸೋಪು, ನೀರಿನಲ್ಲಿ ತೊಳೆದರೆ ಸಾಕು. ಡೆಟಾಲ್ ಬೇಡ, ಪೌಡರ್ ಬೇಡ. ಮುಂದೊಗಲು ಹಿಂದೆ ಸರಿಸಿ ತೊಳೆದರೆ ಮತ್ತೆ ಮುಂದಕ್ಕೆ ತರಲೇಬೇಕು. ಮರೆತರೆ ಅದು ಅಲ್ಲೇ ಬಿಗಿದು ಊದಿಕೊಳ್ಳುತ್ತದೆ, ಆಗ ತುರ್ತಾಗಿ ಆಸ್ಪತ್ರೆಗೆ ಓಡಬೇಕಾಗುತ್ತದೆ. ಮಗಳ ಮುಂದೆ ಅಪ್ಪನಿಗೆ ಸಂಕೋಚ ಆಗುತ್ತದೆ ಅಂದಿರಿ. ಆಗದೆ ಇರುತ್ತದೆಯೇ? ಕೈ ಆಡುತ್ತದೆ ಅಂದರೆ ಸೋಪು ಅವರ ಕೈಗೇ ಕೊಡಿ, ಹೇಗೆ ಅಂತ ಹೇಳಿ, ಬಾಗಿಲ ಹೊರಗೆ ನಿಂತಿರಿ. ಬ್ಯಾಗಿಗೆ ಒಂದು ಬಟ್ಟೆ ಚೀಲ ಹೊಲಿದು ಕೊಡಿ. ಇಷ್ಟಕ್ಕೇ ಎಷ್ಟೋ ಜನ ಮತ್ತೆ ಜಗಲಿಗೆ ಬಂದು ಕೂತಿದ್ದನ್ನು ನೋಡಿದ್ದೇನೆ.

ಮೂತ್ರ ಸ್ವಲ್ಪ ಮಬ್ಬಾಗಿದೆ, ವಾಸನೆ ಇದೆ ಅಂತ ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ಕೊಡಬೇಡಿ. ಪೈಪ್ ವಾರಗಟ್ಟಲೆ ಇದ್ದರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಆದರೆ ಚಳಿಜ್ವರ, ಸೊಂಟದ ಪಕ್ಕ ನೋವು, ದಟ್ಟ ರಕ್ತ ಕಂಡರೆ, ಇಲ್ಲಾ ಅಪ್ಪ ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ ಅದೇ ದಿನ ತೋರಿಸಿ.

ಪೈಪ್ ಯಾವತ್ತು ತೆಗೆಯುತ್ತಾರೆ ಅಂತ ಇವತ್ತೇ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದೊಂದು ದಿನ ಜಾಸ್ತಿ ಇದ್ದಷ್ಟೂ ಸೋಂಕಿನ ಸಾಧ್ಯತೆ ಹೆಚ್ಚುತ್ತದೆ. ತೆಗೆದ ದಿನ ಆರರಿಂದ ಎಂಟು ಗಂಟೆಯೊಳಗೆ ಅವರಾಗಿಯೇ ಮೂತ್ರ ಮಾಡಬೇಕು. ಆಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಕರೆದುಕೊಂಡು ಹೋಗಿ.